ಗಾಯಗೊಂಡ ಕಾಡುಪ್ರಾಣಿ, ಹಕ್ಕಿಗಳನ್ನು ನೋಡಿಕೊಳ್ಳುವವರಿಗೆ ನಾವೇನು ಮಾಡಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ಗಾಳಿಪಟದ ದಾರಕ್ಕೆ ಸಿಕ್ಕಿ ರೆಕ್ಕೆ ಕುಯ್ದುಕೊಂಡ ಹದ್ದು, ಕೊಂಬೆ ಕಡಿದಾಗ ಗೂಡಿನ ಸಮೇತ ಬಿದ್ದ ಅಳಿಲು ಮರಿಗಳು, ತೋಟದ ಬಲೆಗೆ ಸಿಕ್ಕಿಕೊಂಡ ಕೇರೆ ಹಾವು. ಇವನ್ನೆಲ್ಲ ತಂದು, ಮದ್ದು ಹಾಕಿ, ಹೊಟ್ಟೆ ತುಂಬಿಸಿ, ಮತ್ತೆ ಹೊರಗೆ ಬಿಡುವವರು ಬೆಂಗಳೂರಿನಂಥ ಊರಲ್ಲೂ ಕೈಬೆರಳೆಣಿಕೆಯಷ್ಟೇ ಇದ್ದಾರೆ. ಅವರಿಗೆ ನೆರವಾಗಬೇಕು ಅನ್ನುವವರು ಮಾತ್ರ ತುಂಬಾ ಜನ. ಇಂಥ ಕಡೆ ಬಿಡುವಿದ್ದಾಗ ಹೋಗಿ ಕೈ ಜೋಡಿಸುವ ನಾವು ಕೆಲವರು ಫೋನಿನಲ್ಲಿ ಹೇಳಿದ್ದನ್ನೇ ಹೇಳಿ ಹೇಳಿ ಸಾಕಾಗಿ ಇದನ್ನು ಬರೆದಿದ್ದೇವೆ. ಅಲ್ಲಲ್ಲಿ ಮಾತು ಸ್ವಲ್ಪ ಖಾರ ಅನ್ನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಇದು ಅರಣ್ಯ ಇಲಾಖೆಯವರ ಕೆಲಸ ಅಲ್ವಾ? ಜನರ ನೆರವು ಯಾಕೆ ಬೇಕು?

ಹೊಣೆ ಇಲಾಖೆಯದ್ದೇ. ಚಿರತೆ, ಆನೆ, ಕರಡಿ, ಜಿಂಕೆ ಅಂದರೆ ಅವರೇ ಬರಬೇಕು, ಬೇರೆ ಯಾರೂ ಕೈ ಹಾಕುವ ಹಾಗಿಲ್ಲ. ಅದಕ್ಕೆ 1926 ಅನ್ನುವ ಸಹಾಯವಾಣಿ ಇದೆ, ಮೊಬೈಲಿನಲ್ಲಿ ಈಗಲೇ ಹಾಕಿಟ್ಟುಕೊಳ್ಳಿ. ಹಿಡಿದ ದೊಡ್ಡ ಪ್ರಾಣಿಗಳನ್ನು ಇಟ್ಟುಕೊಳ್ಳಲು ಬನ್ನೇರುಘಟ್ಟದಲ್ಲಿ ಜಾಗ ಇದೆ, ಮೈಸೂರು ಮೃಗಾಲಯದವರದ್ದು ಕೂರ್ಗಳ್ಳಿಯಲ್ಲಿ ಇದೆ. ಬನ್ನೇರುಘಟ್ಟದಲ್ಲಿ ಕುಣಿಸುತ್ತಿದ್ದ ಕರಡಿಗಳನ್ನು ತಂದಿಟ್ಟ ಕೇಂದ್ರವನ್ನು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಇಲಾಖೆಯ ಜೊತೆ ಸೇರಿ ನಡೆಸುತ್ತಿದೆ.

ಆದರೆ ದಿನ ಬೆಳಗಾದರೆ ಬರುವ ಕರೆಗಳು ಹುಲಿ ಚಿರತೆಯವಲ್ಲ. ಹದ್ದು, ಕಾಗೆ, ಕೋಗಿಲೆ, ಗೂಬೆ, ಅಳಿಲು, ಬಾವಲಿ, ಕೋತಿ, ಆಮೆ, ಹಾವು. ಇವುಗಳ ಪಾಲಿಗೆ ಇರುವುದು ಕೆಂಗೇರಿ ಕಡೆಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ, ಹಕ್ಕಿ ಮತ್ತು ಸರೀಸೃಪಗಳಿಗೆಂದೇ ಇರುವ ಏವಿಯನ್ ಅಂಡ್ ರೆಪ್ಟೈಲ್ ರಿಹ್ಯಾಬಿಲಿಟೇಶನ್ ಸೆಂಟರ್, ಇಂಥವು. ಇವು ಇಲಾಖೆಯ ಒಪ್ಪಿಗೆ ಇಟ್ಟುಕೊಂಡು ಕೆಲಸ ಮಾಡುವ ಸಂಸ್ಥೆಗಳು, ನಡೆಯುವುದು ಬಹುಪಾಲು ಜನರ ದುಡ್ಡಿನಲ್ಲಿ. ಇಲ್ಲಿ ಗುಣವಾದ ಪ್ರಾಣಿಗೆ ಮಾಲೀಕ ಇಲ್ಲ, ಬಿಲ್ ಕಟ್ಟುವವರೂ ಇಲ್ಲ. ಅದಕ್ಕೇ ನಿಮ್ಮ ನೆರವು ಬೇಕು.

ನಾವು ಮಾಡಬಹುದಾದ ಮೊದಲ ಸಹಾಯ ಯಾವುದು?

ನೆರವು ಬೇಡದ ಪ್ರಾಣಿಯನ್ನು ಎತ್ತಿಕೊಂಡು ಬರದೇ ಇರುವುದು. ನಗಬೇಡಿ, ನಿಜವಾಗಿ ಹೇಳುತ್ತಿದ್ದೇವೆ.

ಬೇಸಿಗೆಯಲ್ಲಿ ಬರುವ ಹಕ್ಕಿಮರಿಗಳಲ್ಲಿ ತುಂಬಾ ಮರಿಗಳು ಅನಾಥವೇ ಅಲ್ಲ. ಮೈ ತುಂಬಾ ಪುಕ್ಕ ಬಂದಿದೆ, ಬಾಲ ಗಿಡ್ಡ ಇದೆ, ನೆಲದ ಮೇಲೆ ಕುಪ್ಪಳಿಸುತ್ತಿದೆ, ಹಾರಲು ಬರುತ್ತಿಲ್ಲ ಅಂದರೆ ಅದು ಹಾರಾಟ ಕಲಿಯುತ್ತಿರುವ ಮರಿ. ಗೂಡು ಬಿಟ್ಟು ಕೆಲವು ದಿನ ಹೀಗೆ ನೆಲದ ಮೇಲೆ, ಪೊದೆಯಲ್ಲಿ ಓಡಾಡಿಕೊಂಡೇ ಅದು ಹಾರಲು ಕಲಿಯುವುದು. ಅಪ್ಪ ಅಮ್ಮ ಅಲ್ಲೇ ಎಲ್ಲೋ ಮರದ ಮೇಲಿಂದ ನೋಡುತ್ತಾ ಊಟ ತಂದು ಕೊಡುತ್ತಿರುತ್ತವೆ. ನೀವು ಪಕ್ಕದಲ್ಲೇ ಮೊಬೈಲ್ ಹಿಡಿದು ನಿಂತಿದ್ದರೆ ಅವು ಕೆಳಗೆ ಇಳಿಯುವುದಿಲ್ಲ. ದೂರ ಹೋಗಿ, ಒಂದೆರಡು ಗಂಟೆ ನೋಡಿ. ಬೆಕ್ಕು ನಾಯಿ ಓಡಾಡುವ ಜಾಗ ಆದರೆ ಮರಿಯನ್ನು ಎತ್ತಿ ಹತ್ತಿರದ ಪೊದೆಯಲ್ಲೋ ತಗ್ಗು ಕೊಂಬೆಯಲ್ಲೋ ಕೂರಿಸಿ.

ಪುಕ್ಕವೇ ಬಂದಿಲ್ಲ, ಬೋಳು ಮೈ, ಕಣ್ಣು ಇನ್ನೂ ತೆರೆದಿಲ್ಲ ಅಂದರೆ ಗೂಡಿನಿಂದ ಬಿದ್ದಿದೆ ಅಂತ ಅರ್ಥ. ಗೂಡು ಕೈಗೆ ಎಟುಕಿದರೆ ವಾಪಸ್ ಇಟ್ಟುಬಿಡಿ. ಮನುಷ್ಯ ಮುಟ್ಟಿದರೆ ತಾಯಿ ಹಕ್ಕಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಗೂಡೇ ಹಾಳಾಗಿದ್ದರೆ ಚಿಕ್ಕ ಬುಟ್ಟಿಗೆ ಒಣ ಹುಲ್ಲು ಹಾಕಿ, ಮಳೆ ನೀರು ಇಳಿದುಹೋಗಲು ತಳದಲ್ಲಿ ತೂತಿರುವಂತೆ ನೋಡಿಕೊಂಡು, ಅದೇ ಮರಕ್ಕೆ ಕಟ್ಟಿ ಮರಿಯನ್ನು ಅದರಲ್ಲಿಡಿ. ತಾಯಿ ಬರುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ನಾವು ಎಷ್ಟೇ ಚೆನ್ನಾಗಿ ಸಾಕಿದರೂ ತಾಯಿ ಸಾಕಿದ ಹಾಗೆ ಆಗುವುದಿಲ್ಲ. ಒಂದು ಪಿಕಳಾರದ ಮರಿಗೆ ಬೆಳಗಿನಿಂದ ಸಂಜೆವರೆಗೆ ಸುಮಾರು ಅರ್ಧ ಗಂಟೆಗೊಮ್ಮೆ ತಿನ್ನಿಸಬೇಕು. ಅಂಥ ಇಪ್ಪತ್ತು ಮರಿಗಳು ಒಟ್ಟಿಗೆ ಇದ್ದಾಗ ಅಲ್ಲಿನ ಹುಡುಗರ ಪಾಡು ಏನಾಗಬೇಕು ಯೋಚನೆ ಮಾಡಿ. ತಾಯಿಯ ಹತ್ತಿರ ಇರಬಹುದಾಗಿದ್ದ ಒಂದು ಮರಿ ಅಲ್ಲಿಗೆ ಬಂದರೆ, ನಿಜವಾಗಿ ಬೇಕಾದ ಇನ್ನೊಂದು ಮರಿಯ ಸಮಯ ಅದಕ್ಕೆ ಹೋಗುತ್ತದೆ.

ಅದಕ್ಕೇ ಎತ್ತುವ ಮುಂಚೆ ಒಂದು ಫೋಟೋ ತೆಗೆದು ಕೇಂದ್ರದವರಿಗೆ ಕಳಿಸಿ ಕೇಳಿ. ಅವರು ಬಿಡಿ ಅಂದರೆ ಬಿಡಿ.

ನಿಜವಾಗಿಯೂ ಗಾಯ ಆಗಿದೆ. ರಕ್ತ ಬರುತ್ತಿದೆ. ಈಗ?

ಒಂದು ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ಗಾಳಿಗೆ ತೂತು ಮಾಡಿ. ತೂತನ್ನು ಪ್ರಾಣಿಯನ್ನು ಒಳಗೆ ಇಡುವ ಮುಂಚೆ ಮಾಡಬೇಕು, ಇಟ್ಟ ಮೇಲೆ ಚಾಕು ಚುಚ್ಚುವವರೂ ಇದ್ದಾರೆ. ಒಳಗೆ ಹಳೇ ಬನಿಯನ್ ಬಟ್ಟೆ ಹಾಸಿ. ಹಕ್ಕಿಯ ಮೇಲೆ ಬಟ್ಟೆ ಹೊದಿಸಿ ಮೆತ್ತಗೆ ಹಿಡಿದು ಒಳಗಿಟ್ಟು ಮುಚ್ಚಿ. ಕತ್ತಲೆ, ನಿಶ್ಶಬ್ದ, ಸ್ವಲ್ಪ ಬೆಚ್ಚಗೆ. ಅಷ್ಟೇ. ತಂತಿ ಪಂಜರ ಬೇಡ, ಹೆದರಿ ಬಡಿದುಕೊಂಡು ರೆಕ್ಕೆ ಪುಕ್ಕ ಮುರಿದುಕೊಳ್ಳುತ್ತವೆ.

ಈಗ ಎಲ್ಲರೂ ಮಾಡುವ ತಪ್ಪು: ನೀರು ಕುಡಿಸುವುದು. ಹಕ್ಕಿಗಳಲ್ಲಿ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ. ಕೊಕ್ಕು ಬಿಡಿಸಿ ನೀರು ಬಿಟ್ಟರೆ ಅದು ನೇರ ಶ್ವಾಸಕೋಶಕ್ಕೆ ಹೋಗಬಹುದು. ಗಾಯದಿಂದ ಬದುಕುತ್ತಿದ್ದ ಹಕ್ಕಿ ನೀವು ಪ್ರೀತಿಯಿಂದ ಕೊಟ್ಟ ಆ ನೀರಿನಿಂದ ಸಾಯಬಹುದು. ಹಾಲು, ಬ್ರೆಡ್ಡು, ಅನ್ನ ಯಾವುದೂ ಬೇಡ. ಅಳಿಲು ಮರಿಗೆ ಹಸುವಿನ ಹಾಲು ಕೊಟ್ಟು ಭೇದಿ ಹಿಡಿಸಿ ತರುವವರಂತೂ ಲೆಕ್ಕ ಇಲ್ಲ. ಮೊದಲು ಬೆಚ್ಚಗಾಗಬೇಕು, ಊಟ ಆಮೇಲೆ. ಬಿಸಿನೀರನ್ನು ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ, ಪೆಟ್ಟಿಗೆಯ ಒಂದು ಮೂಲೆಯಲ್ಲಿಡಿ. ಸೆಕೆ ಆದರೆ ಮರಿ ಸರಿದು ಹೋಗಲು ಇನ್ನೊಂದು ಮೂಲೆ ಇರಬೇಕು.

ಗಾಳಿಪಟದ ಮಾಂಜಾ ದಾರ ರೆಕ್ಕೆಗೆ ಸುತ್ತಿಕೊಂಡಿದ್ದರೆ ಎಳೆಯಬೇಡಿ. ಎಳೆದರೆ ಇನ್ನೂ ಆಳಕ್ಕೆ ಕುಯ್ಯುತ್ತದೆ. ಮರಕ್ಕೋ ತಂತಿಗೋ ಕಟ್ಟಿಕೊಂಡ ತುದಿ ಕೈಗೆ ಸಿಗುವಂತಿದ್ದರೆ ಅಲ್ಲಿ ಕತ್ತರಿಸಿ, ಮೈಮೇಲಿನ ದಾರ ಹಾಗೇ ಇರಲಿ. ಕರೆಂಟ್ ತಂತಿಯಾದರೆ ಅದನ್ನೂ ಮಾಡಬೇಡಿ, ಅಗ್ನಿಶಾಮಕದವರಿಗೋ ಬೆಸ್ಕಾಂನವರಿಗೋ ಫೋನ್ ಮಾಡಿ. ಇಲಿಗೆ ಇಟ್ಟ ಗಮ್ ಪ್ಯಾಡಿಗೆ ಅಂಟಿಕೊಂಡಿದ್ದರೂ ಅಷ್ಟೇ, ಕೀಳಬೇಡಿ. ಖಾಲಿ ಅಂಟಿನ ಮೇಲೆ ಕಾಗದ ಹಾಕಿ, ಪ್ಯಾಡ್ ಸಮೇತ ಪೆಟ್ಟಿಗೆಯಲ್ಲಿಟ್ಟು ತನ್ನಿ.

ಬಾವಲಿ ಮತ್ತು ಕೋತಿಯನ್ನು ಬರಿಗೈಯಲ್ಲಿ ಮುಟ್ಟಲೇಬೇಡಿ. ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಕೇಳಿ. ಹದ್ದು, ಗೂಬೆ ಕೊಕ್ಕಿಗಿಂತ ಉಗುರಿನಲ್ಲಿ ಜಾಸ್ತಿ ಅಪಾಯ. ಜಿಂಕೆ, ಮೊಲ ಹಿಡಿಯಲು ಓಡಿಸಬೇಡಿ, ಆ ಗಾಬರಿಗೇ ಮಾಂಸಖಂಡ ಹಾಳಾಗಿ ಒಂದೆರಡು ದಿನದ ಮೇಲೆ ಸಾಯುವುದೂ ಉಂಟು.

ಇನ್ನೊಂದು. ಸಿಕ್ಕಿದ ಜಾಗವನ್ನು ಸರಿಯಾಗಿ ಬರೆದಿಡಿ. "ಜಯನಗರ" ಅಂದರೆ ಸಾಲದು. ಯಾವ ರಸ್ತೆ, ಯಾವ ಮರ, ಎಷ್ಟು ಹೊತ್ತಿಗೆ. ಮೊಬೈಲ್ ಲೊಕೇಶನ್ ಕಳಿಸಿದರೆ ಇನ್ನೂ ಒಳ್ಳೆಯದು. ಗುಣವಾದ ಮೇಲೆ ಅದನ್ನು ಅಲ್ಲೇ ಬಿಡಬೇಕು, ಅದರ ಜೋಡಿ, ಅದರ ಗುಂಪು ಅಲ್ಲೇ ಇರುತ್ತದೆ.

ಬೆಕ್ಕು ಬಾಯಿ ಹಾಕಿತ್ತು, ಆದರೆ ಹಕ್ಕಿ ಚೆನ್ನಾಗಿಯೇ ಇದೆ. ಬಿಟ್ಟುಬಿಡಲಾ?

ಬೇಡ. ಬೆಕ್ಕಿನ ಹಲ್ಲಿನ ಗಾಯ ಸೂಜಿ ಚುಚ್ಚಿದಷ್ಟೇ ಇರುತ್ತದೆ, ಪುಕ್ಕದ ಅಡಿ ಕಾಣುವುದೇ ಇಲ್ಲ. ಆದರೆ ಬೆಕ್ಕಿನ ಬಾಯಲ್ಲಿರುವ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲಿ ಹಕ್ಕಿಯನ್ನು ಕೊಲ್ಲುತ್ತದೆ. ಬೇಗ ಆ್ಯಂಟಿಬಯೋಟಿಕ್ ಬೀಳಬೇಕು. ಗಾಯ ಕಾಣದಿದ್ದರೂ ತನ್ನಿ, ಬೆಕ್ಕು ಹಿಡಿದಿತ್ತು ಅಂತ ತಪ್ಪದೇ ಹೇಳಿ.

ಕೇಂದ್ರ ದೂರ ಇದೆ. ಮನೆಯಲ್ಲೇ ಸಾಕಿ ದೊಡ್ಡದು ಮಾಡಿ ಬಿಟ್ಟರೆ ಅವರಿಗೂ ಹೊರೆ ಕಡಿಮೆ ಅಲ್ವಾ?

ಹೊರೆ ಕಡಿಮೆ ಆಗುವುದಿಲ್ಲ, ಇಮ್ಮಡಿ ಆಗುತ್ತದೆ. ಮನೆಯಲ್ಲಿ ಸಾಕಿದ ಗಿಳಿ, ಗೊರವಂಕ, ಕೋತಿ ಮರಿಗಳು ಮನುಷ್ಯರನ್ನೇ ತಮ್ಮವರು ಅಂದುಕೊಂಡು ಬೆಳೆಯುತ್ತವೆ. ಬೆಕ್ಕು ಕಂಡರೆ ಹೆದರುವುದಿಲ್ಲ, ತಮ್ಮ ಜಾತಿಯವು ಕಂಡರೆ ಹೆದರುತ್ತವೆ. ಆರು ತಿಂಗಳು ಮುದ್ದು ಮಾಡಿ, ಕೋತಿ ದೊಡ್ಡದಾಗಿ ಕಚ್ಚಲು ಶುರು ಮಾಡಿದ ಮೇಲೆ "ಈಗ ನೀವು ಇಟ್ಟುಕೊಳ್ಳಿ" ಅಂತ ತಂದು ಬಿಡುತ್ತಾರೆ. ಆಗ ಅದನ್ನು ಯಾವ ಗುಂಪೂ ಸೇರಿಸುವುದಿಲ್ಲ. ಆಯುಷ್ಯವೆಲ್ಲ ಬೋನಿನಲ್ಲೇ. ಅನ್ನ, ಹಾಲು ಉಂಡು ಬೆಳೆದ ಮರಿಗಳ ಮೂಳೆ ಬಗ್ಗಿರುತ್ತದೆ, ಅದನ್ನು ಸರಿ ಮಾಡಲು ಆಗುವುದೇ ಇಲ್ಲ ಎಷ್ಟೋ ಸಲ.

ಕಾನೂನೂ ಬಿಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇಂಥ ಪ್ರಾಣಿ ನಿಮ್ಮ ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಗಾಯಗೊಂಡಿದ್ದನ್ನು ಉಳಿಸಲು ಆಸ್ಪತ್ರೆಗೆ ತಂದವರ ಮೇಲೆ ಯಾರೂ ಕೇಸು ಹಾಕಲು ಓಡಿ ಬರುವುದಿಲ್ಲ, ಹೆದರಬೇಡಿ. ಆದರೆ ಪಂಜರದಲ್ಲಿ ಗಿಳಿ ಇಟ್ಟುಕೊಂಡು "ಪಾಪ ಅಂತ ಸಾಕಿದೆ" ಅನ್ನುವ ಮಾತು ನಡೆಯುವುದಿಲ್ಲ.

ಫೋನ್ ಮಾಡಿದರೆ "ನೀವೇ ತಂದುಕೊಡಿ" ಅನ್ನುತ್ತಾರೆ. ಅವರೇ ಬರಬಾರದಾ?

ಬರಬಹುದು, ಗಾಡಿ ಮತ್ತು ಜನ ಇದ್ದಾಗ ಬರುತ್ತಾರೆ. ಆದರೆ ವೈಟ್‌ಫೀಲ್ಡಿನಿಂದ ಕೆಂಗೇರಿಗೆ ಸಂಜೆ ಟ್ರಾಫಿಕ್ಕಿನಲ್ಲಿ ಹೋಗಿ ಬರಲು ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು. ಅಷ್ಟು ಹೊತ್ತಲ್ಲಿ ಒಬ್ಬರು ಎಷ್ಟು ಪ್ರಾಣಿ ನೋಡಿಕೊಳ್ಳಬಹುದಿತ್ತು! ನೀವು ಆಟೋದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಹೋಗಿ ಕೊಟ್ಟು ಬಂದರೆ ಅದು ಸಾವಿರ ರೂಪಾಯಿ ದಾನಕ್ಕಿಂತ ದೊಡ್ಡ ಸಹಾಯ ಅಂತ ನಮ್ಮ ಲೆಕ್ಕ.

ಕಾರೋ ಸ್ಕೂಟರೋ ಇದ್ದು, ವಾರದಲ್ಲಿ ಒಂದೆರಡು ಸಂಜೆ ಬಿಡುವಿದ್ದರೆ ಸಾಗಿಸುವ ಸ್ವಯಂಸೇವಕರಾಗಿ ಹೆಸರು ಕೊಡಿ. ನಿಮ್ಮ ಏರಿಯಾದಲ್ಲಿ ಯಾರಿಗೋ ಹಕ್ಕಿ ಸಿಕ್ಕಿರುತ್ತದೆ, ಅವರ ಹತ್ತಿರ ಗಾಡಿ ಇರುವುದಿಲ್ಲ, ನೀವು ತಲುಪಿಸಬೇಕು. ಕಾರಿನಲ್ಲಿ ಹಾಡು ಹಾಕಬೇಡಿ, ದಾರಿಯಲ್ಲಿ ಪೆಟ್ಟಿಗೆ ತೆರೆದು "ಹೇಗಿದೆ ನೋಡೋಣ" ಅನ್ನಬೇಡಿ. ತೆರೆದ ಪೆಟ್ಟಿಗೆಯಿಂದ ಎದ್ದು ಹಾರಿದ ಹದ್ದನ್ನು ಹೆಬ್ಬಾಳ ಫ್ಲೈಓವರ್ ಮೇಲೆ ಕಾರಿನೊಳಗೆ ಹಿಡಿಯುವುದು ಸುಲಭ ಅಲ್ಲ.

ಹಾವು ಹಿಡಿಯಲು ಬಂದವರಿಗೆ ದುಡ್ಡು ಕೊಡಬೇಕಾ? ಅವರದ್ದು ಸೇವೆ ಅಲ್ವಾ?

ಸೇವೆ ಅಂದರೆ ಪೆಟ್ರೋಲ್ ಬಂಕಿನವರು ಪುಕ್ಕಟೆ ಹಾಕುವುದಿಲ್ಲವಲ್ಲ. ರಾತ್ರಿ ಹನ್ನೊಂದಕ್ಕೆ ಕರೆದರೂ ಎದ್ದು ಬರುವ ಈ ಹುಡುಗರಲ್ಲಿ ಬಹಳ ಜನ ಬೇರೆ ಕೆಲಸ ಮಾಡಿಕೊಂಡು ಇದನ್ನೂ ಮಾಡುವವರು. ಕೇಳದಿದ್ದರೂ ಓಡಾಟದ ಖರ್ಚು ಕೊಡಿ, ಒಂದು ಲೋಟ ನೀರು ಕೊಡಿ. "ಅದು ನಾಗರಹಾವಾ, ಕೊಳಕುಮಂಡಲವಾ, ಕೈಯಲ್ಲಿ ಹಿಡಿದು ತೋರಿಸಿ, ವಿಡಿಯೋ ಮಾಡಬೇಕು" ಅಂತ ಪೀಡಿಸಬೇಡಿ. ಇಂಥ ಒತ್ತಾಯಕ್ಕೆ ಹಾವು ಬರಿಗೈಯಲ್ಲಿ ಎತ್ತಿ ತೋರಿಸಲು ಹೋಗಿ ಪ್ರಾಣ ಕಳೆದುಕೊಂಡವರು ಇದ್ದಾರೆ. ಕೋಲು, ಚೀಲ, ಪೈಪು ಬಳಸಿ ಹಾವನ್ನು ಆದಷ್ಟು ಮುಟ್ಟದೇ ಚೀಲಕ್ಕೆ ಇಳಿಸುವವರೇ ಒಳ್ಳೆಯ ರೆಸ್ಕ್ಯೂ ಮಾಡುವವರು. ಹೆಡೆಗೆ ಮುತ್ತು ಕೊಟ್ಟು ಫೋಟೋ ಹಾಕುವವರನ್ನು ದಯವಿಟ್ಟು ಕರೆಯಬೇಡಿ.

ಅವರು ಬರುವವರೆಗೆ ಹಾವಿನ ಮೇಲೆ ದೂರದಿಂದ ಕಣ್ಣಿಟ್ಟಿರುವುದು ನಿಮ್ಮ ಕೆಲಸ. ಬಂದ ಮೇಲೆ "ಇಲ್ಲೇ ಎಲ್ಲೋ ಇತ್ತು" ಅಂದರೆ ಇಡೀ ಮನೆ ಸಾಮಾನು ಹೊರಗೆ ಹಾಕಬೇಕಾಗುತ್ತದೆ.

ದುಡ್ಡು ಕೊಡಬೇಕು ಅಂತಿದ್ದೇವೆ. ಒಂದೇ ಸಲ ದೊಡ್ಡದಾಗಿ ಕೊಡುವುದು ಒಳ್ಳೆಯದಾ?

ಕೊಟ್ಟರೆ ಬೇಡ ಅನ್ನುವುದಿಲ್ಲ. ಆದರೆ ತಿಂಗಳು ತಿಂಗಳು ತಪ್ಪದೇ ಬರುವ ಇನ್ನೂರು ರೂಪಾಯಿಗೆ ಇರುವ ಬೆಲೆಯೇ ಬೇರೆ. ಸಂಬಳ, ಬಾಡಿಗೆ, ಮೀನು, ಕೋಳಿ ಮಾಂಸ, ಹಣ್ಣು, ಎಕ್ಸ್‌ರೇ, ಕರೆಂಟ್ ಬಿಲ್ ಎಲ್ಲವೂ ತಿಂಗಳು ತಿಂಗಳೇ ಬರುತ್ತವೆ. ಕರುಣೆ ಉಕ್ಕಿಸುವ ವಿಡಿಯೋ ವೈರಲ್ ಆದ ವಾರ ದುಡ್ಡು ಬಂದು, ಮರಿಗಳು ತುಂಬಿ ತುಳುಕುವ ಏಪ್ರಿಲ್‌ನಲ್ಲಿ ಖಾಲಿ ಆದರೆ ಡಾಕ್ಟರನ್ನು ಉಳಿಸಿಕೊಳ್ಳುವುದು ಹೇಗೆ?

"ನನ್ನ ದುಡ್ಡು ಆ ಗೂಬೆಗೇ ಹೋಗಬೇಕು" ಅಂತ ಷರತ್ತು ಹಾಕಬೇಡಿ. ಗೂಬೆಯ ಫೋಟೋಗೆ ದುಡ್ಡು ಬೇಗ ಬರುತ್ತದೆ, ಕಾಗೆಗೆ ಬರುವುದಿಲ್ಲ. ಫಿನಾಯಿಲಿಗೆ ಯಾರೂ ಕೊಡುವುದಿಲ್ಲ. ಕೊಟ್ಟವರು ಎಲ್ಲಿಗೆ ಬೇಕೋ ಅಲ್ಲಿಗೆ ಹಾಕಿಕೊಳ್ಳಿ ಅಂದರೆ ದೊಡ್ಡ ಉಪಕಾರ.

ಕೊಡುವ ಮುಂಚೆ ಸಂಸ್ಥೆ ನೋಂದಣಿ ಆಗಿದೆಯಾ, ಅರಣ್ಯ ಇಲಾಖೆಯ ಅನುಮತಿ ಇದೆಯಾ, ವರ್ಷದ ಲೆಕ್ಕಪತ್ರ ತೋರಿಸುತ್ತಾರಾ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರಿಗೆ ಕೊಡಬೇಡಿ. ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ 80 ಜಿ ನೋಂದಣಿ ಇದ್ದರೆ ಕೊಟ್ಟ ಮೊತ್ತದ ಅರ್ಧದಷ್ಟು ಆದಾಯದಿಂದ ಕಳೆಯಬಹುದು, ಅದಕ್ಕೊಂದು ಮಿತಿ ಇದೆ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಈ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆಯ್ಕೆ ಮಾಡಿಕೊಂಡವರಿಗೂ ಇಲ್ಲ.

ನಾವು ಅಮೆರಿಕದಲ್ಲಿದ್ದೇವೆ. ಇಲ್ಲಿಂದ ಕಳಿಸಬಹುದಾ?

ನಿಮ್ಮ ಪಾಸ್‌ಪೋರ್ಟ್ ಯಾವುದು ಅನ್ನುವುದರ ಮೇಲೆ ನಿಂತಿದೆ. ಭಾರತದ ಪಾಸ್‌ಪೋರ್ಟ್ ಇದ್ದರೆ ನಿಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಕಳಿಸಿದ ದುಡ್ಡನ್ನು ವಿದೇಶಿ ದೇಣಿಗೆ ಅಂತ ಲೆಕ್ಕ ಹಿಡಿಯುವುದಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಅದನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇರುವ ಸಂಸ್ಥೆ ಮಾತ್ರ, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಅದಕ್ಕೆಂದೇ ತೆರೆದ ಖಾತೆಗೆ ಪಡೆಯಬೇಕು. ಅದಕ್ಕೇ ಕಳಿಸುವ ಮುಂಚೆ ಸಂಸ್ಥೆಯವರನ್ನು ಕೇಳಿ. ಅವರ ಮಾಮೂಲಿ ಖಾತೆಗೆ ಸುಮ್ನೆ ಹಾಕಿಬಿಟ್ಟರೆ ತೊಂದರೆ ಆಗುವುದು ಅವರಿಗೆ. ಊರಲ್ಲಿರುವ ಅಣ್ಣನಿಗೆ ಕಳಿಸಿ ಅವನ ಕೈಯಿಂದ ಕೊಡಿಸುವ ಉಪಾಯವನ್ನೂ ಮಾಡಬೇಡಿ.

ನಮ್ಮ ಕಂಪನಿಯವರು ಐವತ್ತು ಜನ ಒಂದು ದಿನ ಬಂದು ಕೆಲಸ ಮಾಡುತ್ತೇವೆ. ಆಗಬಹುದಾ?

ಐವತ್ತು ಜನರ ಗದ್ದಲ ಗಾಯಗೊಂಡ ಪ್ರಾಣಿಗೆ ಬೇಕಾಗಿಲ್ಲ. ಅದರ ಬದಲು ಕಂಪನಿಯ ಸಿಎಸ್‌ಆರ್ ದುಡ್ಡನ್ನು ಕೇಳಿ ನೋಡಿ. ಕಂಪನಿ ಕಾಯ್ದೆಯ 135ನೇ ಕಲಮಿನ ಅಡಿ ಬರುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಮಾಜಕ್ಕೆ ಖರ್ಚು ಮಾಡಬೇಕು. ಪ್ರಾಣಿ ಕಲ್ಯಾಣ, ವನ್ಯಜೀವಿ ರಕ್ಷಣೆ ಎರಡೂ ಆ ಪಟ್ಟಿಯಲ್ಲಿವೆ. ಒಂದು ಎಕ್ಸ್‌ರೇ ಯಂತ್ರ, ಹದ್ದುಗಳಿಗೆ ಹಾರಾಟ ಅಭ್ಯಾಸ ಮಾಡಿಸುವ ಉದ್ದನೆಯ ಪಂಜರ, ಒಂದು ಆಂಬುಲೆನ್ಸ್ ಇಂಥವು ಚಿಲ್ಲರೆ ದಾನದಿಂದ ಆಗುವಂಥವಲ್ಲ. ಕಂಪನಿಯೊಳಗೆ ಈ ಮಾತು ಎತ್ತುವ ಒಬ್ಬರು ಬೇಕು, ಅಷ್ಟೇ.

ಮನೆಯಲ್ಲಿರುವ ಸಾಮಾನು ಕೊಡಬಹುದಾ?

ಹಳೇ ಪೇಪರ್! ಎಷ್ಟು ಕೊಟ್ಟರೂ ಸಾಲದು. ಪಂಜರಕ್ಕೆ ಹಾಸುವುದು ಅದನ್ನೇ, ದಿನಾ ಬದಲಾಯಿಸಬೇಕು. ಹಳೇ ಬೆಡ್‌ಶೀಟು, ಕಾಟನ್ ಸೀರೆ, ಬನಿಯನ್ ಬಟ್ಟೆ ಬೇಕು. ಟರ್ಕಿ ಟವೆಲಿನಲ್ಲಿ ನೂಲಿನ ಕುಣಿಕೆ ಇರುತ್ತದಲ್ಲ, ಅದಕ್ಕೆ ಹಕ್ಕಿ ಉಗುರು ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಅದು ಒರೆಸಲು ಮಾತ್ರ. ರಟ್ಟಿನ ಪೆಟ್ಟಿಗೆ, ಬೆಕ್ಕು ಒಯ್ಯುವ ಪ್ಲಾಸ್ಟಿಕ್ ಬುಟ್ಟಿ, ಬಿಸಿನೀರಿನ ಚೀಲ, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಸೂಜಿ ಇಲ್ಲದ ಸಣ್ಣ ಸಿರಿಂಜು, ಕೈಗವಸು, ಬ್ಲೀಚಿಂಗ್ ಪೌಡರ್, ಕಸದ ಚೀಲ. ಅಗ್ನಿಶಾಮಕದವರು ಬಳಸಿ ಬಿಟ್ಟ ಹಳೇ ಹೋಸ್ ಪೈಪ್ ಸಿಕ್ಕಿದರೆ ಕರಡಿ, ಕೋತಿಗಳಿಗೆ ತೂಗುಮಂಚ ಹೆಣೆಯುತ್ತಾರೆ. ಪಪ್ಪಾಯಿ, ಬಾಳೆಹಣ್ಣು, ಸೀಬೆ ಬೆಳೆಯುವ ರೈತರು ಅಂಗಡಿಗೆ ಹೋಗದ ಹಣ್ಣು ಕೊಡಬಹುದು, ಕೊಳೆತಿರಬಾರದು, ಔಷಧಿ ಹೊಡೆದು ಕೆಲವು ದಿನ ಆಗಿರಬೇಕು.

ಬೇಡವಾದದ್ದು: ಅವಧಿ ಮುಗಿದ ಮಾತ್ರೆ, ಮದುವೆ ಮನೆಯ ಉಳಿದ ಅಡುಗೆ, ಬಿಸ್ಕತ್ತು. ಮೊದಲು ಫೋನ್ ಮಾಡಿ ಈಗ ಏನು ಬೇಕು ಕೇಳುವುದು ಒಳ್ಳೆಯದು.

ಸ್ವಯಂಸೇವಕರಾಗಿ ಬಂದರೆ ಮರಿಗಳಿಗೆ ಹಾಲು ಕುಡಿಸಲು ಬಿಡುತ್ತೀರಾ?

ಮೊದಲ ದಿನ ಪೊರಕೆ ಕೊಡುತ್ತಾರೆ. ಎರಡನೇ ದಿನವೂ. ಪಾತ್ರೆ ತೊಳೆಯುವುದು, ಹಣ್ಣು ಹೆಚ್ಚುವುದು, ಮಾಂಸ ಕತ್ತರಿಸುವುದು, ಹೇಲು ಬಳಿಯುವುದು, ಬಟ್ಟೆ ಒಗೆಯುವುದು, ತೂಕ ಬರೆದಿಡುವುದು, ಇದೇ ಕೆಲಸ. ಮರಿಗೆ ತಿನ್ನಿಸುವುದನ್ನು ಕಲಿತವರೇ ಮಾಡುತ್ತಾರೆ, ಅದೂ ಆದಷ್ಟು ಕಡಿಮೆ ಜನ, ಮಾತಾಡದೆ. ಇಲ್ಲಿ ಪ್ರಾಣಿ ನಮ್ಮನ್ನು ಕಂಡರೆ ಹೆದರಬೇಕು, ಓಡಬೇಕು. ಹತ್ತಿರ ಬಂದು ಕೈ ನೆಕ್ಕಿದರೆ ನಾವು ಸೋತೆವು ಅಂತ.

18 ವರ್ಷ ತುಂಬಿರಬೇಕು, ಟೆಟನಸ್ ಮತ್ತು ರೇಬೀಸ್ ಲಸಿಕೆ ಮುಂಚೆಯೇ ಹಾಕಿಸಿಕೊಂಡರೆ ಒಳ್ಳೆಯದು, ಮುಖ್ಯವಾಗಿ ಹೇಳಿದ ದಿನ ಬರಬೇಕು. ಉತ್ಸಾಹದಲ್ಲಿ ಮೂರು ದಿನ ಬಂದು ಮಾಯವಾಗುವವರಿಗಿಂತ, ಪ್ರತಿ ಭಾನುವಾರ ಎರಡೇ ಗಂಟೆ ಬಂದು ಹೋಗುವ ನಿವೃತ್ತ ಮೇಷ್ಟ್ರು ಎಷ್ಟೋ ವಾಸಿ.

ಪ್ರಾಣಿ ಮುಟ್ಟದೆಯೇ ಮಾಡುವ ಕೆಲಸವೂ ಬೇಕಾದಷ್ಟಿದೆ. ಲೆಕ್ಕ ಬರೆಯುವವರು, ಬಡಗಿ, ಎಲೆಕ್ಟ್ರಿಷಿಯನ್, ವೆಲ್ಡಿಂಗ್ ಗೊತ್ತಿರುವವರು ಸಿಕ್ಕರೆ ಹಬ್ಬ. ಮನೆಯಲ್ಲೇ ಕೂತು ಫೋನ್ ಎತ್ತಿ, ಗಾಬರಿಯಾದವರಿಗೆ ಸಮಾಧಾನವಾಗಿ ಕನ್ನಡದಲ್ಲಿ ಹೇಳುವವರು ತುಂಬಾ ಕಡಿಮೆ. ಹಳ್ಳಿಯಿಂದ ಕರೆ ಮಾಡಿದ ಅಜ್ಜಿಗೆ ಇಂಗ್ಲಿಷಿನ ಮೆಸೇಜ್ ಕಳಿಸಿದರೆ ಏನು ಉಪಯೋಗ?

ಮಕ್ಕಳನ್ನು ಕರೆದುಕೊಂಡು ಬಂದು ತೋರಿಸಬಹುದಾ?

ಇದು ಮೃಗಾಲಯ ಅಲ್ಲ, ಐಸಿಯು. ತೋರಿಸುವುದಿಲ್ಲ. ಕೆಲವು ಸಂಸ್ಥೆಗಳು ಶಾಲೆಗೇ ಬಂದು ಮಾತಾಡುತ್ತವೆ, ಅವರನ್ನು ಕರೆಸಿ.

ಹುಟ್ಟುಹಬ್ಬಕ್ಕೆ ಪಂಜರದ ಹಕ್ಕಿ ಕೊಂಡು ಬಿಡುಗಡೆ ಮಾಡಿದರೆ ಪುಣ್ಯ ಅಲ್ವಾ?

ಪುಣ್ಯವೆಲ್ಲ ಹಕ್ಕಿ ಹಿಡಿದವನ ಜೇಬಿಗೆ. ನೀವು ಹತ್ತು ರಾಟವಾಳ ಕೊಂಡರೆ ಅವನು ನಾಳೆ ಇಪ್ಪತ್ತು ಹಿಡಿಯುತ್ತಾನೆ. ಹಿಡಿಯುವಾಗ, ಸಾಗಿಸುವಾಗ ಸತ್ತವುಗಳ ಲೆಕ್ಕ ನಿಮಗೆ ಕಾಣುವುದಿಲ್ಲ. ಕೊಳ್ಳುವುದು, ಮಾರುವುದು ಎರಡೂ ಅಪರಾಧ. ಹಕ್ಕಿ, ನಕ್ಷತ್ರ ಆಮೆ ಮಾರುವವರು ಕಂಡರೆ ಜಗಳಕ್ಕೆ ನಿಲ್ಲಬೇಡಿ. ಜಾಗ, ಹೊತ್ತು, ಗಾಡಿ ನಂಬರ್ ಬರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಿ.

ರೆಸ್ಕ್ಯೂ ವಿಡಿಯೋಗಳನ್ನು ಎಲ್ಲರಿಗೂ ಹಂಚಿದರೆ ಸಹಾಯ ಆಗುತ್ತಾ?

ಸಂಸ್ಥೆಯವರೇ ಹಾಕಿದ್ದನ್ನು ಹಂಚಿ, ದೇಣಿಗೆ ಕೋರಿಕೆ ಹಂಚಿ, ಒಳ್ಳೆಯದೇ. ಕೋತಿಮರಿಗೆ ಅಂಗಿ ತೊಡಿಸಿದ ವಿಡಿಯೋಗೆ ಹೃದಯ ಒತ್ತಬೇಡಿ, ಅದನ್ನು ನೋಡಿಯೇ ಇನ್ನೊಬ್ಬರು ಕೋತಿಮರಿ ತರುತ್ತಾರೆ. ಗೂಬೆ, ಕಾಡುಪಾಪ, ಜನ ಎರಡು ತಲೆ ಹಾವು ಅನ್ನುವ ಮಣ್ಣುಮುಕ್ಕ ಇವು ಎಲ್ಲಿ ಸಿಕ್ಕವು, ಎಲ್ಲಿ ಬಿಟ್ಟರು ಅಂತ ಮಾತ್ರ ಬರೆಯಲೇಬೇಡಿ. ಮಾಟ ಮಂತ್ರಕ್ಕೆ, ನಿಧಿ ಆಸೆಗೆ ಇವನ್ನು ಹುಡುಕಿಕೊಂಡು ಬರುವವರು ಇದ್ದಾರೆ, ದೀಪಾವಳಿ ಹತ್ತಿರ ಬಂದಾಗ ಗೂಬೆಗಳಿಗೆ ಇನ್ನೂ ಕಷ್ಟ.

ಗಾಯ ಆಗದಂತೆಯೇ ತಡೆಯಲು ಏನು ಮಾಡಬೇಕು?

ಇದನ್ನು ಮೊದಲೇ ಕೇಳಬೇಕಿತ್ತು! ಆಸ್ಪತ್ರೆಗೆ ಬರುವವು ತಾವಾಗಿ ಬಿದ್ದವು ಕಡಿಮೆ, ನಮ್ಮಿಂದ ಬಿದ್ದವೇ ಜಾಸ್ತಿ.

ಆಷಾಢದ ಗಾಳಿ ಶುರುವಾದರೆ ಹದ್ದುಗಳು ಸಾಲುಸಾಲಾಗಿ ಬರುತ್ತವೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶವೆಲ್ಲ ನಿಷೇಧ ಮಾಡಿದೆ, ಆದರೂ ಸಿಗುತ್ತದೆ. ನಿಮ್ಮ ಮಕ್ಕಳಿಗೆ ಗಾಜಿನ ಪುಡಿ ಇಲ್ಲದ ನೂಲಿನ ದಾರ ಕೊಡಿಸಿ. ಸೀಸನ್ ಮುಗಿದ ಮೇಲೆ ಬೀದಿಯ ಹುಡುಗರನ್ನು ಸೇರಿಸಿಕೊಂಡು, ತಾರಸಿ ಮೇಲೆ, ಮೈದಾನದಲ್ಲಿ, ಕೈಗೆಟುಕುವ ಕೊಂಬೆಯಲ್ಲಿ ನೇತಾಡುವ ದಾರ ಸುತ್ತಿ ತೆಗೆಯಿರಿ. ಆ ದಾರ ತಿಂಗಳುಗಟ್ಟಲೆ ಅಲ್ಲೇ ಇದ್ದು ಹಕ್ಕಿ ಹಿಡಿಯುತ್ತಲೇ ಇರುತ್ತದೆ. ಒಂದು ಬೆಳಗಿನ ಕೆಲಸ. ಇದರಿಂದ ಉಳಿಯುವ ಹಕ್ಕಿಗಳು ಯಾವ ಆಸ್ಪತ್ರೆಯ ಲೆಕ್ಕಕ್ಕೂ ಸಿಗುವುದಿಲ್ಲ.

ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿಸುತ್ತಾರಲ್ಲ, ಅದೇ ಹೊತ್ತಿಗೆ ಗೂಡುಗಳೂ ಇರುತ್ತವೆ. ಕಡಿಯುವವರು ಬಂದಾಗ ಐದು ನಿಮಿಷ ಮೇಲೆ ನೋಡಿ. ಗೂಡು, ಪೊಟರೆ ಕಂಡರೆ ಆ ಕೊಂಬೆ ಒಂದು ತಿಂಗಳು ಬಿಡಿ ಅನ್ನಿ. ಇಲಿಗೆ ಪಾಷಾಣ ಇಟ್ಟರೆ ಆ ಇಲಿ ತಿಂದ ಗೂಬೆಯೂ ಸಾಯುತ್ತದೆ. ಗಮ್ ಪ್ಯಾಡ್ ಮನೆಗೆ ತರಬೇಡಿ, ಬೋನು ಇಡಿ. ಪಾರಿವಾಳಕ್ಕೆ ಬಾಲ್ಕನಿಗೆ ಕಟ್ಟಿದ ಬಲೆ ಸಡಿಲವಾಗಿದ್ದರೆ ಬಿಗಿ ಮಾಡಿಸಿ. ಗಾಜಿನ ಕಟ್ಟಡದಲ್ಲಿ ಹಕ್ಕಿ ಬಡಿಯುವ ಕಿಟಕಿಗೆ ಹೊರಗಿನಿಂದ ಹತ್ತಿರ ಹತ್ತಿರ ಚುಕ್ಕೆ ಅಂಟಿಸಿ. ಹದ್ದಿನ ಚಿತ್ರ ಒಂದೇ ಒಂದು ಅಂಟಿಸಿದರೆ ಪ್ರಯೋಜನ ಇಲ್ಲ.

ನಂದಿಬೆಟ್ಟ, ಘಾಟಿ ರಸ್ತೆಗಳಲ್ಲಿ ಕೋತಿಗೆ ಚಿಪ್ಸ್ ಎಸೆಯಬೇಡಿ, ಅದಕ್ಕಾಗಿ ರಸ್ತೆಗಿಳಿದು ಗಾಡಿಗೆ ಸಿಗುತ್ತವೆ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಓಡಾಟ ನಿಲ್ಲಿಸಿರುವುದು ಸುಮ್ನೆ ಅಲ್ಲ. 9 ಗಂಟೆಯೊಳಗೆ ದಾಟಿಬಿಡಬೇಕು ಅಂತ ಎಂಟೂವರೆಗೆ ನೂರರ ವೇಗದಲ್ಲಿ ಓಡಿಸಿದರೆ ಅದರ ಅರ್ಥವೇ ಹೋಯಿತು.

ನಮ್ಮದು ಹಳ್ಳಿ, ಹತ್ತಿರ ಯಾವ ಕೇಂದ್ರವೂ ಇಲ್ಲ. ನಾವೇನು ಮಾಡಬಹುದು?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಒಮ್ಮೆ ಹೋಗಿ ಬನ್ನಿ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಎತ್ತರದ ಗೂಡಿನಿಂದ ಮರಿ ಬಿದ್ದರೆ ದೊಡ್ಡವು ಕೆಳಗಿಳಿದು ಊಟ ಕೊಡುವುದಿಲ್ಲ, ಅಲ್ಲಿಗೆ ಅದರ ಕಥೆ ಮುಗಿಯಿತು. 1990ರ ದಶಕದಲ್ಲಿ ಊರಿನವರೇ ಹೆಜ್ಜಾರ್ಲೆ ಬಳಗ ಅಂತ ಕಟ್ಟಿಕೊಂಡು, ಬಿದ್ದ ಮರಿಗಳನ್ನು ಬೇಲಿ ಹಾಕಿದ ಜಾಗದಲ್ಲಿ ಇಟ್ಟು, ಮೀನು ಹಾಕಿ, ಹಾರುವವರೆಗೆ ನೋಡಿಕೊಳ್ಳಲು ಶುರು ಮಾಡಿದರು. ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರು ಜೊತೆಗೆ ನಿಂತರು. ಹುಣಸೆಹಣ್ಣು ಕೀಳದೆ ಮರ ಬಿಟ್ಟುಕೊಟ್ಟವರಿಗೆ ಇಲಾಖೆ ಪರಿಹಾರ ಕೊಡುತ್ತದೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಆಯಿತು. ಅಲ್ಲಿ ನೆರವು ಅಂದರೆ ಮೀನಿಗೆ ದುಡ್ಡು, ಮರ ಕಡಿಯದೇ ಇರುವುದು, ಗೂಡಿನ ಕೆಳಗೆ ಪಟಾಕಿ ಹೊಡೆಯದೇ ಇರುವುದು.

ನಿಮ್ಮೂರಲ್ಲಿ ಇಷ್ಟೆಲ್ಲ ಆಗದಿರಬಹುದು. ವಲಯ ಅರಣ್ಯಾಧಿಕಾರಿಯ ಕಚೇರಿ ನಂಬರ್, ಪಶು ವೈದ್ಯರ ನಂಬರ್, ಹಾವು ಹಿಡಿಯಲು ಬರುವವರ ನಂಬರ್, ಮೂರನ್ನೂ ಪಂಚಾಯ್ತಿ ಗೋಡೆ ಮೇಲೆ ಬರೆಸಿ. ಪಾಳು ಬಾವಿಗೆ ಬಿದ್ದ ಪ್ರಾಣಿ ಹತ್ತಿ ಬರಲು ಒಂದು ಮರದ ದಿಮ್ಮಿ ಇಳಿಬಿಡಿ, ಆಮೇಲೆ ಸುತ್ತ ಗೋಡೆ ಕಟ್ಟಿಸಿ.

ಅಷ್ಟು ದೂರದಿಂದ ತಂದುಕೊಟ್ಟ ಹಕ್ಕಿಯನ್ನು ಸಾಯಿಸಿದರು. ಇನ್ನು ಮುಂದೆ ಯಾಕೆ ತರಬೇಕು?

ಸಿಟ್ಟು ಬರುವುದು ಸಹಜ. ಆದರೆ ರೆಕ್ಕೆಯ ಕೀಲೇ ತುಂಡಾದ ಹದ್ದು ಮತ್ತೆ ಹಾರುವುದಿಲ್ಲ. ನೋವು ತಿನ್ನುತ್ತಾ ವಾರಗಟ್ಟಲೆ ಇಟ್ಟು ಆಮೇಲೆ ಸಾಯಲು ಬಿಡುವುದಕ್ಕಿಂತ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು ಮುಗಿಸುವುದೇ ಎಷ್ಟೋ ಸಲ ದಯೆ. ಆ ತೀರ್ಮಾನ ಮಾಡಿದವರಿಗೆ ಅವತ್ತು ಊಟ ಸೇರಿರುವುದಿಲ್ಲ ಅನ್ನುವುದು ನಾವು ಕಣ್ಣಾರೆ ಕಂಡ ವಿಷಯ. ಜನ ಫೋನ್ ಮಾಡಿ ಬೈಯುವುದೂ ಅವರಿಗೇ. ಈ ಕೆಲಸ ಬಿಟ್ಟು ಹೋಗುವವರು ಸಂಬಳ ಕಡಿಮೆ ಅಂತ ಮಾತ್ರ ಹೋಗುವುದಿಲ್ಲ.

"ಹೇಗಿದೆ?" ಅಂತ ದಿನಾ ಫೋನ್ ಮಾಡದೆ, ಅವರು ಕೊಟ್ಟ ಕೇಸ್ ನಂಬರ್ ಹೇಳಿ ವಾರಕ್ಕೊಮ್ಮೆ ಮೆಸೇಜ್ ಹಾಕಿ.

ಗುಣವಾದರೆ ಬಿಡುವ ದಿನ ನಮ್ಮನ್ನು ಕರೆಯುತ್ತಾರಾ?

ಕೆಲವು ಸಲ ಕರೆಯುತ್ತಾರೆ, ಅದೂ ನೀವು ಸಿಕ್ಕ ಜಾಗದ ವಿವರ ಸರಿಯಾಗಿ ಕೊಟ್ಟಿದ್ದರೆ. ಗೂಬೆ, ಕಾಡುಪಾಪ, ಪುನುಗು ಬೆಕ್ಕುಗಳನ್ನು ಕತ್ತಲಾದ ಮೇಲೆಯೇ ಬಿಡುವುದು. ಪಟಾಕಿ, ಚಪ್ಪಾಳೆ, ಫ್ಲ್ಯಾಶ್ ಯಾವುದೂ ಬೇಡ. ಒಬ್ಬರೇ ಬನ್ನಿ, ಜಾಸ್ತಿ ಅಂದರೆ ಇಬ್ಬರು.